ಖಾಲಿ ಒರೆಯ ಆಕಾರ: ಟಿಬೆಟಿನ ಹಳೆಯ ವಾದ್ಯಪೆಟ್ಟಿಗೆಯನ್ನು ಓದುವುದು ಹೇಗೆ?

ಒಂದು ಗೇಣು ಎತ್ತರದ ಪೆಟ್ಟಿಗೆ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು. ಕಪ್ಪಿಗೆ ತಿರುಗಿದ ಚರ್ಮ, ಎರಡು ಪಕ್ಕಗಳಲ್ಲಿ ಪುಟ್ಟ ಬಳೆಗಳು, ಬಳೆಗಳ ಮೂಲಕ ಹಾದ ಒಂದು ದಾರ. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಹಳೆಯ ವಸ್ತುಗಳನ್ನು ಮಾರುವವರ ಬಳಿ ಇಂಥ ಪೆಟ್ಟಿಗೆ ಕಂಡಾಗ ಅದನ್ನು ಒಡವೆಯ ಡಬ್ಬಿ ಎಂದೋ ಔಷಧಿಯ ಭರಣಿ ಎಂದೋ ಭಾವಿಸುವವರು ಹೆಚ್ಚು. ಆದರೆ ಅದರ ಹೊರಗೆರೆಯನ್ನು ಕಣ್ಣಲ್ಲೇ ಒಮ್ಮೆ ಸುತ್ತಿ ಬಂದರೆ ಸಾಕು, ಉತ್ತರ ಸಿಗುತ್ತದೆ. ಅದು ಗಂಟೆಯ ಆಕಾರ. ಟಿಬೆಟಿನ ಬೌದ್ಧ ಭಿಕ್ಷುವೊಬ್ಬ ತನ್ನ ಪೂಜೆಯ ಗಂಟೆಯನ್ನು ಇಟ್ಟುಕೊಂಡು ಓಡಾಡುತ್ತಿದ್ದ ಒರೆ ಅದು.

ಬೈಲುಕುಪ್ಪೆ, ಮುಂಡಗೋಡಗಳ ಮಠಗಳಿಗೆ ಹೋಗಿ ಬಂದ ಕನ್ನಡಿಗರಿಗೆ ಗಂಟೆ, ಡಮರು, ತಾಳ, ಉದ್ದನೆಯ ಕಹಳೆ ಇವೆಲ್ಲ ಕಂಡು ಪರಿಚಯವಿದೆ. ಅವುಗಳನ್ನು ಕಾಪಾಡುವ ಪೆಟ್ಟಿಗೆ ಮತ್ತು ಗವಸುಗಳ ಮೇಲೆ ಗಮನ ಹೋಗುವುದು ಅಪರೂಪ. ವಾದ್ಯ ಕಳೆದುಹೋಗಿ ಅದರ ಒರೆ ಮಾತ್ರ ಉಳಿದಾಗ ಆ ವಾದ್ಯದ ಬಗ್ಗೆ ಹೇಳಬಲ್ಲ ಸಾಕ್ಷಿ ಅದೊಂದೇ. ಆ ಸಾಕ್ಷಿಯ ಮಾತನ್ನು ಕೇಳುವ ಬಗೆಯನ್ನು ಇಲ್ಲಿ ಮೊದಲಿನಿಂದ ನೋಡೋಣ.

ಹೆಸರುಗಳು

ಟಿಬೆಟನ್ ಭಾಷೆಯಲ್ಲಿ ಇಂಥ ಪೆಟ್ಟಿಗೆಗೆ ‘ಶುಬ್’ ಎನ್ನುತ್ತಾರೆ. ಕತ್ತಿಯ ಒರೆಗೂ ಲೇಖನಿಯ ಕೊಳವೆಗೂ ಇದೇ ಪದ. ಹಾಗಾಗಿ ಕನ್ನಡದಲ್ಲಿ ‘ಪೆಟ್ಟಿಗೆ’ ಎನ್ನುವುದಕ್ಕಿಂತ ‘ಒರೆ’ ಎನ್ನುವುದೇ ಹೆಚ್ಚು ಸರಿ. ಪೆಟ್ಟಿಗೆಯಲ್ಲಿ ಏನನ್ನು ಬೇಕಾದರೂ ಇಡಬಹುದು. ಒರೆಯನ್ನು ಒಂದೇ ವಸ್ತುವಿಗಾಗಿ, ಅದರ ಅಳತೆ ಹಿಡಿದು ಮಾಡಿರುತ್ತಾರೆ.

ಪೂಜೆಯ ಕೈಗಂಟೆಯ ಹೆಸರು ಡ್ರಿಲ್ಬು. ಅದರ ಜೊತೆಗಾರ ದೋರ್ಜೆ, ಅಂದರೆ ವಜ್ರ. ಎರಡೂ ತುದಿಗಳಲ್ಲಿ ಮೊಗ್ಗಿನಂತೆ ಬಾಗಿದ ಕವಲುಗಳಿರುವ, ಅಂಗೈಯಲ್ಲಿ ಹಿಡಿಯುವ ಲೋಹದ ಸಾಧನ. ಬಲಗೈಯಲ್ಲಿ ವಜ್ರ, ಎಡಗೈಯಲ್ಲಿ ಗಂಟೆ. ವಜ್ರ ಕರುಣೆಯ ದಾರಿಯನ್ನು, ಅಂದರೆ ಉಪಾಯವನ್ನು ಸೂಚಿಸುತ್ತದೆ. ಗಂಟೆ ಪ್ರಜ್ಞೆಯನ್ನು ಸೂಚಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂಬುದು ಟಿಬೆಟಿನ ಬೌದ್ಧರ ದಾರಿಯಾದ ವಜ್ರಯಾನದ ಮೂಲ ಮಾತು. ಒರೆಯ ರಚನೆಯಲ್ಲೂ ಈ ಮಾತು ಕಾಣಿಸುತ್ತದೆ, ಮುಂದೆ ನೋಡೋಣ.

ಡಮರು ಎಂಬ ಸಂಸ್ಕೃತ ಪದವನ್ನು ಟಿಬೆಟನ್ನರು ಹಾಗೆಯೇ ಇಟ್ಟುಕೊಂಡಿದ್ದಾರೆ. ಆದರೆ ದೊಡ್ಡ ಡೋಲಿಗೆ ಅವರ ಸ್ವಂತ ಪದವಿದೆ: ‘ಙ’. ನಮ್ಮ ವರ್ಣಮಾಲೆಯಲ್ಲಿ ಕಲಿತು, ಆಮೇಲೆ ಬರೆಯುವ ಅವಕಾಶವೇ ಸಿಗದ ಆ ಅಕ್ಷರ ಅಲ್ಲಿ ಒಂದು ಇಡೀ ವಾದ್ಯದ ಹೆಸರು! ಟಿಬೆಟನ್ ಲಿಪಿಯೂ ಕನ್ನಡ ಲಿಪಿಯಂತೆ ಬ್ರಾಹ್ಮಿಯ ಕುಲದ್ದು. ಹಾಗಾಗಿ ಆ ಅಕ್ಷರ ಅವರಲ್ಲೂ ನಮ್ಮಂತೆಯೇ ಕವರ್ಗದ ಕೊನೆಯಲ್ಲಿ ಕುಳಿತಿದೆ.

ಒರೆ ಏಕೆ ಬೇಕಾಯಿತು?

ಮನೆಯಲ್ಲೇ ಇರುವ ದೇವರ ಗಂಟೆಗೆ ನಾವು ಗವಸು ಹೊಲಿಸುವುದಿಲ್ಲ. ಊರೂರು ತಿರುಗುವ ತಂಬೂರಿಗೆ ಹೊಲಿಸುತ್ತೇವೆ. ವ್ಯತ್ಯಾಸ ಇರುವುದು ಪ್ರಯಾಣದಲ್ಲಿ.

ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್. ಗಾಳಿ ಒಣ, ಹಗಲಿನ ಬಿಸಿಲಿಗೂ ರಾತ್ರಿಯ ಚಳಿಗೂ ಅಂತರ ಬಹಳ. ಒಂದು ಮಠದಿಂದ ಇನ್ನೊಂದಕ್ಕೆ, ಹಳ್ಳಿಯ ಮನೆಯಿಂದ ಅಲೆಮಾರಿಗಳ ಗುಡಾರಕ್ಕೆ ಪೂಜೆಗೆ ಹೋಗುವ ಲಾಮಾಗಳು ಕುದುರೆಯ ಮೇಲೆ, ಯಾಕ್‌ಗಳ ಜೊತೆಗೆ, ಇಲ್ಲವೇ ಕಾಲ್ನಡಿಗೆಯಲ್ಲಿ ದಿನಗಟ್ಟಲೆ ಸಾಗಬೇಕಿತ್ತು. ಹೊರೆ ಜಾರಿ ಬಂಡೆಗೆ ಬಡಿದರೆ ಒಳಗಿನ ಗಂಟೆಯ ಗತಿ ಏನು?

ಗಂಟೆ ಕಂಚಿನದು, ಅಂದರೆ ತಾಮ್ರ ಮತ್ತು ತವರದ ಬೆರಕೆ. ತವರ ಹೆಚ್ಚಿದಷ್ಟೂ ನಾದ ದೀರ್ಘವಾಗುತ್ತದೆ, ಜೊತೆಗೆ ಲೋಹ ಬಿರುಸಾಗುತ್ತದೆ. ಹಿತ್ತಾಳೆಯ ಬಿಂದಿಗೆ ಬಿದ್ದರೆ ನೆಗ್ಗುತ್ತದೆ. ತವರ ಹೆಚ್ಚಿರುವ ಕಂಚು ಬಿದ್ದರೆ ಸೀಳುತ್ತದೆ. ಕೂದಲೆಳೆಯಷ್ಟು ಸೀಳು ಬಿಟ್ಟರೂ ನಾದ ಸತ್ತು, ಹೊಡೆದಾಗ ಬರಿಯ ‘ಟಕ್’ ಎನ್ನುತ್ತದೆ. ಅದನ್ನು ಬೆಸೆದು ಹಳೆಯ ದನಿ ತರಿಸುವುದು ಬಹಳ ಕಷ್ಟ. ನಾದ ಎಷ್ಟು ಚೆನ್ನಾಗಿದೆಯೋ ಒಡೆಯುವ ಭಯವೂ ಅಷ್ಟೇ ಇರುವ ವಸ್ತುವಿಗೆ ಒರೆ ಅಲಂಕಾರವಾಗಿರಲಿಲ್ಲ, ಅಗತ್ಯವಾಗಿತ್ತು.

ಅಲೆದಾಟವನ್ನೇ ಸಾಧನೆ ಮಾಡಿಕೊಂಡವರೂ ಇದ್ದರು. ‘ಚೋದ್’ ಎಂಬ ಸಾಧನಾ ಪದ್ಧತಿಯನ್ನು ಟಿಬೆಟಿನಲ್ಲಿ ನೆಲೆಗೊಳಿಸಿದವಳು ಮಾಚಿಗ್ ಲಬ್ದ್ರೋನ್, 11–12ನೆಯ ಶತಮಾನದ ಯೋಗಿನಿ. ಚೋದ್ ಎಂದರೆ ಕತ್ತರಿಸುವುದು. ‘ನಾನು’ ಎಂಬುದರ ಬೇರನ್ನು ಕತ್ತರಿಸುವುದು. ಅವಳ ಕಾಲದಲ್ಲೇ ಟಿಬೆಟಿಗೆ ಹೋಗಿ ಅಲ್ಲಿಯೇ ಬೋಧಿಸಿದ ಪದಂಪ ಸಂಗ್ಯೆಯನ್ನು ಆ ಪರಂಪರೆ ದಕ್ಷಿಣ ಭಾರತದವನೆಂದು ನೆನೆಯುತ್ತದೆ. ಈ ದಾರಿಯ ಸಾಧಕರು ಸ್ಮಶಾನಗಳಲ್ಲಿ, ನಿರ್ಜನ ಕಣಿವೆಗಳಲ್ಲಿ ರಾತ್ರಿ ಕಳೆಯುತ್ತಿದ್ದರು. ಅವರ ಹೆಗಲ ಮೇಲಿನ ಗಂಟಿನಲ್ಲಿ ದೊಡ್ಡ ಡಮರು, ಗಂಟೆ ಮತ್ತು ಮನುಷ್ಯನ ತೊಡೆಮೂಳೆಯಿಂದ ಮಾಡಿದ ಕಂಗ್ಲಿಂಗ್ ಎಂಬ ಕಹಳೆ ಇರುತ್ತಿದ್ದವು. ಮೂರೂ ಒಂದಕ್ಕೊಂದು ತಾಗಬಾರದು, ನೆನೆಯಬಾರದು, ಬೇಕೆಂದಾಗ ಕತ್ತಲಲ್ಲೂ ಕೈಗೆ ಸಿಗಬೇಕು.

ಗಂಟೆಯ ಒರೆಯ ಒಳಗೆ

ಒಳ್ಳೆಯ ಗಂಟೆಯ ಒರೆಯನ್ನು ಕೈಯಲ್ಲಿ ಹಿಡಿದರೆ ಮೊದಲು ಗಮನಿಸಬೇಕಾದದ್ದು ದಾರದ ವ್ಯವಸ್ಥೆ. ಬುಡದ ಪಕ್ಕದಲ್ಲಿ ಬಳೆ, ಅದರ ನೇರಕ್ಕೆ ಮುಚ್ಚಳದ ಪಕ್ಕದಲ್ಲೂ ಬಳೆ. ಒಂದೇ ದಾರ ಎರಡರೊಳಗೂ ಹಾದು ಮೇಲೆ ಕುಣಿಕೆಯಾಗುತ್ತದೆ. ತೆರೆಯುವಾಗ ಮುಚ್ಚಳ ದಾರದ ಗುಂಟ ಮೇಲಕ್ಕೆ ಜಾರುತ್ತದೆ, ದಾರದಿಂದ ಬೇರೆಯಾಗುವುದಿಲ್ಲ. ಕುದುರೆಯ ಮೇಲೆ ಕುಳಿತು ತೆರೆದರೂ ಮುಚ್ಚಳ ಕೆಳಗೆ ಬೀಳದು. ತೂಗುಹಾಕಿದಾಗ ಒಳಗಿನ ಭಾರವೇ ದಾರವನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಕೀಲಿಲ್ಲ, ಚಿಲಕವಿಲ್ಲ, ಕೆಡುವುದಕ್ಕೆ ಏನೂ ಇಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ವಸ್ತು ಇಷ್ಟಲಿಂಗದ ಕರಡಿಗೆ. ಒಳಗಿನದರ ಪಾವಿತ್ರ್ಯ ಮತ್ತು ಆಕಾರ ಎರಡನ್ನೂ ಮನಸ್ಸಿನಲ್ಲಿಟ್ಟು ಮಾಡಿದ, ಬಳೆಗಳಿರುವ, ದಾರದಲ್ಲಿ ಮೈಮೇಲೆ ಧರಿಸುವ ಪುಟ್ಟ ಬೆಳ್ಳಿಯ ಮನೆ ಅದು. ಟಿಬೆಟಿನಲ್ಲಿ ‘ಗಾವು’ ಎಂಬ ತಾಯತದ ಸಂಪುಟವೂ ಹೀಗೆಯೇ ಕೊರಳಿಗೋ ಹೆಗಲಿಗೋ ತೂಗುತ್ತದೆ. ಕರಡಿಗೆಯನ್ನು ಕಂಡು ಬೆಳೆದವರಿಗೆ ಗಂಟೆಯ ಒರೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇನ್ನು ಒಳಭಾಗ. ಗಂಟೆಯ ಹಿಡಿಯ ತುದಿಯಲ್ಲಿ ಅರ್ಧ ವಜ್ರವಿರುತ್ತದೆ, ಅದರ ಕೆಳಗೆ ಪ್ರಜ್ಞಾಪಾರಮಿತಾ ದೇವಿಯ ಪುಟ್ಟ ಮುಖ. ಒರೆಯ ಮೇಲ್ಭಾಗ ಕಿರಿದಾಗುವುದು ಈ ಹಿಡಿಗಾಗಿ. ಕೆಳಗೆ ಗಂಟೆಯ ಬಾಯಂಚು ಕೂರುವ ಕಡೆ ಉಣ್ಣೆಯ ಅಥವಾ ಬಟ್ಟೆಯ ಮೆತ್ತೆ. ಗಂಟೆಯ ನಾಲಿಗೆ ದಾರಿಯಲ್ಲಿ ಅಲ್ಲಾಡಿ ಬಡಿಯದಂತೆ ತಡೆಯುವುದಕ್ಕೂ ಮೆತ್ತನೆಯ ಬಟ್ಟೆ ಬೇಕು. ಪೂಜೆಯ ಗಂಟೆ ಪೂಜೆಯಲ್ಲಿ ನುಡಿಯಬೇಕೇ ಹೊರತು ಕುದುರೆಯ ಕೊರಳ ಗೆಜ್ಜೆಯಂತೆ ದಾರಿಯುದ್ದಕ್ಕೂ ಅಲ್ಲ.

ಕೆಲವು ಒರೆಗಳಲ್ಲಿ ಗಂಟೆಯ ಜೊತೆಗೆ ವಜ್ರಕ್ಕೂ ಪ್ರತ್ಯೇಕ ಜಾಗ ಇರುತ್ತದೆ. ಉಪಾಯ ಮತ್ತು ಪ್ರಜ್ಞೆ ಜೋಡಿ ಎಂದರಲ್ಲ, ಅದನ್ನು ಅಕ್ಷರಶಃ ಕಟ್ಟಿಟ್ಟಂತೆ. ಖಾಲಿ ಒರೆಯಲ್ಲಿ ಈ ಎರಡನೆಯ ಖಾನೆ ಕಂಡರೆ ಕಳೆದುಹೋದದ್ದು ಒಂದು ವಸ್ತುವಲ್ಲ, ಎರಡು ಎಂದು ತಿಳಿಯಬೇಕು.

ಒರೆಯ ತಳದಲ್ಲಿ ದುಂಡನೆಯ ಸವೆತದ ಗೆರೆ ಇದೆಯೇ ನೋಡಿ. ಗಂಟೆಯ ಬಾಯಂಚು ವರ್ಷಗಟ್ಟಲೆ ಕೂತ ಗುರುತು ಅದು. ಆ ವೃತ್ತದ ಅಡ್ಡಳತೆ ತೆಗೆದರೆ ಗಂಟೆಯ ಅಗಲ ಸಿಕ್ಕಂತೆ. ಕೆಲವೊಮ್ಮೆ ಅದೇ ಜಾಗದಲ್ಲಿ ಹಸಿರು ಕಲೆ ಇರುತ್ತದೆ. ಅದರ ಕಾರಣಕ್ಕೆ ಕೊನೆಯಲ್ಲಿ ಬರುತ್ತೇನೆ.

ಚರ್ಮ, ಮತ್ತು ಡೆರ್ಗೆಯ ಕಬ್ಬಿಣ

ಮೆತ್ತನೆಯ ಚರ್ಮ ಮರದಷ್ಟು ಗಟ್ಟಿಯಾಗುವುದು ಹೇಗೆ? ಮಳೆಯಲ್ಲಿ ತೊಯ್ದ ಚರ್ಮದ ಚಪ್ಪಲಿ ಬಿಸಿಲಿಗೆ ಒಣಗಿ ಸೆಟೆದುಕೊಂಡದ್ದನ್ನು ಕಂಡವರಿಗೆ ಇದು ಅರ್ಧ ಗೊತ್ತು. ಚರ್ಮ ಎಂದರೆ ಹೆಣೆದುಕೊಂಡ ನಾರುಗಳು. ನೀರು ಕುಡಿದಾಗ ನಾರುಗಳ ನಡುವಿನ ಹಿಡಿತ ಸಡಿಲಾಗಿ, ಎಳೆದತ್ತ ಬಾಗುತ್ತವೆ. ಹಾಗೆ ನೆನೆದ ಚರ್ಮವನ್ನು ಬೇಕಾದ ಆಕಾರದ ಅಚ್ಚಿನ ಮೇಲೆ ಎಳೆದು, ಬಿಗಿದು ಕಟ್ಟಿ ಒಣಗಲು ಬಿಟ್ಟರೆ ನಾರುಗಳು ಆ ಹೊಸ ಭಂಗಿಯಲ್ಲೇ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಹದಮಾಡದ ಹಸಿತೊಗಲಾದರೆ ಇನ್ನೂ ಗಟ್ಟಿ. ಇನ್ನೂ ಒದ್ದೆಯಿರುವಾಗ ಮೇಲೆ ಒತ್ತಿ ಚಿತ್ರ ಮೂಡಿಸಬಹುದು. ಒಣಗಿದ ಮೇಲೆ ಬಣ್ಣ ಬಳಿಯಬಹುದು.

ಆ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಅಷ್ಟಮಂಗಳ: ಛತ್ರಿ, ಜೋಡಿ ಮೀನು, ನಿಧಿಕುಂಭ, ಕಮಲ, ಬಲಮುರಿ ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ, ಚಕ್ರ. ಬೈಲುಕುಪ್ಪೆಯ ಅಂಗಡಿಗಳ ಬಟ್ಟೆಯ ಪರದೆಗಳ ಮೇಲೂ ಇವೇ ಎಂಟು.

ಇನ್ನೊಂದು ಬಗೆಯ ಒರೆ ಕಬ್ಬಿಣದ್ದು. ಅದರ ಹೆಸರಿನ ಜೊತೆಗೆ ಸದಾ ಬರುವ ಊರು ಡೆರ್ಗೆ. ಪೂರ್ವ ಟಿಬೆಟಿನ ಖಾಮ್ ಸೀಮೆಯ ಈ ಪಟ್ಟಣ ಈಗ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿದೆ. 1729ರಲ್ಲಿ ಶುರುವಾದ, ಮರದ ಅಚ್ಚುಗಳಿಂದ ಧರ್ಮಗ್ರಂಥ ಮುದ್ರಿಸುವ ಮುದ್ರಣಾಲಯಕ್ಕೆ ಹೆಸರಾದ ಊರು ಅದು; ಲೋಹದ ಕೆಲಸಕ್ಕೂ ಅಷ್ಟೇ ಹೆಸರು. ಲೇಖನಿಯ ಕೊಳವೆ, ಚಹಾ ಬಟ್ಟಲಿನ ಒರೆ, ಕತ್ತಿಯ ಒರೆ, ಕುದುರೆಯ ಜೀನು ಹೀಗೆ ಕಬ್ಬಿಣದ ಹಾಳೆಯಲ್ಲಿ ಬಳ್ಳಿ, ಡ್ರ್ಯಾಗನ್‌ಗಳನ್ನು ಜಾಲರಿಯಂತೆ ಕೊರೆದು, ಮೇಲೆ ಚಿನ್ನ ಬೆಳ್ಳಿ ಹತ್ತಿಸುವ ಕೆಲಸವದು.

ಕಬ್ಬಿಣಕ್ಕೆ ಚಿನ್ನ ಹತ್ತುವುದು ಹೇಗೆ ಎಂಬುದನ್ನು ಬೀದರಿನ ಬಿದ್ರಿಯ ಪಕ್ಕದಲ್ಲಿಟ್ಟರೆ ಸುಲಭವಾಗಿ ಅರ್ಥವಾಗುತ್ತದೆ. ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಹಿನ್ನೆಲೆ ಕಪ್ಪಾಗುತ್ತದೆ. ಅಂದರೆ ಬೆಳ್ಳಿ ಒಳಗೆ ಹೂತಿರುತ್ತದೆ. ಟಿಬೆಟಿನ ಕಬ್ಬಿಣದ ಕೆಲಸದಲ್ಲಿ ಹಾಗಲ್ಲ. ಕಬ್ಬಿಣದ ಮೈಮೇಲೆ ಅಡ್ಡ, ಉದ್ದ, ಓರೆ ಸೂಕ್ಷ್ಮ ಗೀರುಗಳನ್ನು ಒತ್ತೊತ್ತಾಗಿ ಎಳೆದು ಮೈಯನ್ನು ಒರಟಾಗಿಸುತ್ತಾರೆ. ಅದರ ಮೇಲೆ ಚಿನ್ನದ ತೆಳು ತಂತಿ ಅಥವಾ ತಗಡನ್ನಿಟ್ಟು ಬಡಿದಾಗ ಗೀರುಗಳ ಸಣ್ಣ ಹಲ್ಲುಗಳು ಮೆತ್ತನೆಯ ಚಿನ್ನವನ್ನು ಕಚ್ಚಿ ಹಿಡಿಯುತ್ತವೆ. ಚಿನ್ನ ಮೇಲ್ಮೈಯಲ್ಲೇ ಇರುವುದರಿಂದ ಕೈ ತಾಗುವ ಕಡೆ ಮೊದಲು ಸವೆಯುತ್ತದೆ. ಹಳೆಯ ಒರೆಯ ಮುಚ್ಚಳದ ಅಂಚಿನಲ್ಲಿ ಚಿನ್ನ ಹೋಗಿ, ಅಡಿಯ ಗೀರುಗಳು ಬರಿಗಣ್ಣಿಗೆ ಕಾಣುತ್ತಿದ್ದರೆ ಅದನ್ನು ಹಾಳಾದ ಒರೆ ಎನ್ನಬಾರದು. ಯಾರೋ ಅದನ್ನು ಸಾವಿರಾರು ಸಲ ತೆರೆದಿದ್ದಾರೆ, ಅಷ್ಟೆ.

ಡಮರುವಿನ ಗವಸು

ಗಂಟೆಯ ಶತ್ರು ಪೆಟ್ಟು. ಡಮರುವಿನ ಶತ್ರು ಹವೆ. ಎರಡು ಬಟ್ಟಲುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ಎರಡೂ ಬಾಯಿಗೆ ತೊಗಲು ಬಿಗಿದ ವಾದ್ಯ ಅದು. ನಡುವಿನ ಪಟ್ಟಿ ಹಿಡಿದು ತಿರುವಿದರೆ ದಾರದ ತುದಿಯ ಗುಂಡುಗಳು ಎರಡೂ ಕಡೆ ಬಡಿಯುತ್ತವೆ. ಚೋದ್ ಸಾಧಕರ ದೊಡ್ಡ ಡಮರುವಿಗೆ ಖದಿರದ ಮರ, ಅಂದರೆ ನಮ್ಮ ಕಗ್ಗಲಿ, ಪರಂಪರೆ ಮೆಚ್ಚಿದ ಮರಗಳಲ್ಲಿ ಒಂದು.

ತಮಟೆಯವರು ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ತಮಟೆ ಹಿಡಿಯುವುದನ್ನು ನೆನಪಿಸಿಕೊಳ್ಳಿ. ತೊಗಲು ಗಾಳಿಯ ತೇವ ಹೀರಿ ಸಡಿಲಾಗಿರುತ್ತದೆ; ಕಾವು ತೇವವನ್ನು ಓಡಿಸಿದಾಗ ಬಿಗಿಯುತ್ತದೆ. ಟಿಬೆಟಿನಲ್ಲಿ ತೊಂದರೆ ಇದಕ್ಕೆ ತಿರುವುಮುರುವು. ಗಾಳಿ ಎಷ್ಟು ಒಣ ಎಂದರೆ ತೊಗಲು ಅತಿಯಾಗಿ ಬಿಗಿದು ಹರಿಯುವ ಭಯ. ದಪ್ಪ ಗವಸಿನೊಳಗಿನ ಗಾಳಿ ಹೊರಗಿನಷ್ಟು ಬೇಗ ಒಣಗುವುದಿಲ್ಲ, ಬೇಗ ತಣಿಯುವುದೂ ಇಲ್ಲ. ಗವಸು ಬದಲಾವಣೆಯನ್ನು ತಡೆಯಲಾರದು, ನಿಧಾನ ಮಾಡುತ್ತದೆ; ತೊಗಲಿಗೆ ಬೇಕಾದದ್ದೂ ಅಷ್ಟೇ. ಹೊಡೆಯುವ ಗುಂಡುಗಳು ದಾರಿಯಲ್ಲಿ ತೊಗಲನ್ನು ಉಜ್ಜದಂತೆ, ಐದು ಬಣ್ಣದ ರೇಷ್ಮೆಯ ಬಾಲ ಸಿಕ್ಕಾಗದಂತೆ ನೋಡಿಕೊಳ್ಳುವುದೂ ಗವಸಿನ ಕೆಲಸ. ಹಾಗಾಗಿ ಡಮರುವಿನ ಗವಸು ಗಂಟೆಯ ಒರೆಗಿಂತ ಸಡಿಲ, ದುಂಡು, ದಪ್ಪ ಮೆತ್ತೆಯದು. ಇಂದಿಗೂ ಮಠಗಳಲ್ಲಿ ಹತ್ತಿ ತುಂಬಿ ಹೊಲಿದ, ಜರಿ ಬಟ್ಟೆ ಹೊದಿಸಿದ ಗವಸುಗಳು ಬಳಕೆಯಲ್ಲಿವೆ.

ಮಿಕ್ಕ ವಾದ್ಯಗಳ ಬಗ್ಗೆ ಚುಟುಕಾಗಿ: ನಡುವೆ ಉಬ್ಬಿರುವ ಚಪ್ಪಟೆ ದುಂಡು ಗವಸು ತಾಳಗಳದ್ದು. ಉದ್ದ, ಕಿರಿದು, ಒಂದು ತುದಿಗೆ ಅಗಲವಾದದ್ದು ಗ್ಯಾಲಿಂಗ್‌ನದ್ದು. ಅದು ನಮ್ಮ ಶಹನಾಯಿಯ ನೆಂಟ. ಮೂರು ಮೀಟರಿಗೂ ಮೀರಿ ಬೆಳೆಯುವ ದುಂಗ್‌ಚೆನ್ ಕಹಳೆಯ ಉಪಾಯವೇ ಬೇರೆ. ಅದರ ತುಂಡುಗಳು ಒಂದರೊಳಗೊಂದು ಜಾರಿ ಕುಳಿತು ಇಡೀ ಕಹಳೆ ಕುಗ್ಗುತ್ತದೆ. ತನಗೆ ತಾನೇ ಒರೆಯಾಗುತ್ತದೆ.

ಹಳೆಯದೋ, ಹಳೆಯದರಂತೆ ಮಾಡಿದ್ದೋ?

ಹೊಗೆ, ಎಣ್ಣೆ, ಚಹಾದ ಕಷಾಯ ಇದ್ದರೆ ಹೊಸ ಚರ್ಮಕ್ಕೆ ಒಂದು ವಾರದಲ್ಲಿ ನೂರು ವರ್ಷ ತುಂಬಿಸಬಹುದು. ಬಣ್ಣವೊಂದನ್ನೇ ನಂಬಬಾರದು. ನೋಡಬೇಕಾದದ್ದು ಸವೆತ ಎಲ್ಲಿದೆ ಎಂಬುದನ್ನು. ನಿಜವಾಗಿ ಬಳಸಿದ ಒರೆ ಹೆಬ್ಬೆರಳು ತಾಗುವ ಕಡೆ, ದಾರ ಉಜ್ಜುವ ಬಳೆಯ ಒಳಮೈಯಲ್ಲಿ, ಮೈಗೆ ತಾಗುವ ಒಂದೇ ಪಕ್ಕದಲ್ಲಿ ಸವೆದಿರುತ್ತದೆ. ಬೇಕೆಂದೇ ಸವೆಸಿದ್ದು ಎಲ್ಲ ಕಡೆ ಒಂದೇ ಸಮ ಮಾಸಿರುತ್ತದೆ.

ಪ್ರಯೋಗಾಲಯದಲ್ಲಿ ಇನ್ನಷ್ಟು ತಿಳಿಯಬಹುದು. ಕೃತಕ ಬಣ್ಣಗಳು ಹುಟ್ಟಿದ್ದು 1856ರಲ್ಲಿ. ಒಳಬಟ್ಟೆಯಲ್ಲಿ ಅವು ಇದ್ದರೆ ಆ ಬಟ್ಟೆ ಅದಕ್ಕಿಂತ ಹಿಂದಿನದಲ್ಲ. ಟೈಟಾನಿಯಮ್ ಬಿಳಿ ಎಂಬ ಬಣ್ಣ 1920ರ ದಶಕದಲ್ಲಿ ಬಳಕೆಗೆ ಬಂದದ್ದು. ಆದರೆ ಒಂದು ಎಚ್ಚರಿಕೆ: ಹಳೆಯ ಒರೆಗೆ ಹೊಸ ಒಳಬಟ್ಟೆ ಹೊಲಿಸುವುದು, ಬಣ್ಣ ತುಂಬಿಸುವುದು ಸಹಜ. ಭಾಗ ಹೊಸದಾದರೆ ಇಡೀ ವಸ್ತು ಹೊಸದಾಗದು. ಚರ್ಮದ ವಯಸ್ಸು ಹೇಳುವ ಇಂಗಾಲ ಪರೀಕ್ಷೆಯ ಮಿತಿಯೂ ಗೊತ್ತಿರಲಿ. ಸುಮಾರು 1650ರಿಂದ ಈಚಿನ ವಸ್ತುಗಳಿಗೆ ಅದು ಕೊಡುವುದು ಬಹಳ ಅಗಲವಾದ ಕಾಲಾವಧಿಯನ್ನು. ‘ಪರೀಕ್ಷೆಯಲ್ಲಿ 1780 ಎಂದು ಬಂದಿದೆ’ ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಮತ್ತೊಮ್ಮೆ ಕೇಳಿ.

ಒರೆ ಖಾಲಿಯಾದ ಬಗೆ

ಟಿಬೆಟಿನ ವಸ್ತುಗಳು ಹೊರಗೆ ಬಂದ ದಾರಿಗಳು ಹಲವು. 1904ರಲ್ಲಿ ಯಂಗ್‌ಹಸ್ಬೆಂಡ್ ನಾಯಕತ್ವದ ಬ್ರಿಟಿಷ್ ದಂಡಯಾತ್ರೆ ಲಾಸಾ ತಲುಪಿತು. ಅದರ ಜೊತೆ ಹೋದವರು ತಂದದ್ದು ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿದೆ. ಖಾಮ್ ಸೀಮೆಯಲ್ಲಿ ವೈದ್ಯ ಮಿಷನರಿಯಾಗಿದ್ದ ಆಲ್ಬರ್ಟ್ ಶೆಲ್ಟನ್ ತಂದ ವಸ್ತುಗಳ ಪ್ರದರ್ಶನ 1911ರಲ್ಲಿ ಅಮೆರಿಕದ ನ್ಯೂವರ್ಕ್ ಸಂಗ್ರಹಾಲಯದಲ್ಲಿ ನಡೆಯಿತು; ಅಲ್ಲಿಯ ದೊಡ್ಡ ಟಿಬೆಟನ್ ಸಂಗ್ರಹಕ್ಕೆ ಅದೇ ಬುನಾದಿ.

ಎಲ್ಲಕ್ಕಿಂತ ದೊಡ್ಡ ದಾರಿ ನೋವಿನದು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಮಂದಿ ಹಿಮದ ಕಣಿವೆಗಳನ್ನು ದಾಟಿದರು. ಬೆನ್ನ ಮೇಲೆ ಹೊರಬಹುದಾದದ್ದು ಮಾತ್ರ ಜೊತೆಗೆ ಬಂತು. ಹಿಂದೆ ಉಳಿದದ್ದರಲ್ಲಿ ಬಹುಪಾಲು, 1966ರಿಂದ 1976ರವರೆಗೆ ನಡೆದ ಚೀನಾದ ಸಾಂಸ್ಕೃತಿಕ ಕ್ರಾಂತಿ ಮುಗಿಯುವುದರೊಳಗೆ ನಾಶವಾಯಿತು. ಮಠಗಳ ಲೋಹ ಕುಲುಮೆ ಸೇರಿತು. ಲೋಹಕ್ಕೆ ಬೆಲೆ ಇತ್ತು, ಹಳೆಯ ಚರ್ಮಕ್ಕೆ ಇರಲಿಲ್ಲ. ಬಂದವರಲ್ಲೂ ಹಸಿವಿನ ದಿನಗಳಲ್ಲಿ ಮಾರಿಕೊಂಡವರಿದ್ದರು. ಗಂಟೆ ಒಂದು ಕೈಗೆ, ವಜ್ರ ಇನ್ನೊಂದಕ್ಕೆ, ಒರೆ ಮತ್ತೊಂದಕ್ಕೆ ಹೋದವು. ಒಂದು ಒರೆಯ ಅಳತೆಗೆ ಇನ್ನೊಂದು ಗಂಟೆ ಕೂರುವುದಿಲ್ಲವಾದ್ದರಿಂದ ಖಾಲಿಯಾದ ಒರೆ ಖಾಲಿಯಾಗಿಯೇ ಉಳಿಯಿತು.

ನಮ್ಮ ಮಳೆ, ನಮ್ಮ ಕಾನೂನು

1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ, ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲಿ ಟಿಬೆಟನ್ ನೆಲೆಗಳು ಎದ್ದವು. ಸೆರಾ ಮಠ ಬೈಲುಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡದಲ್ಲಿ ಮತ್ತೆ ಕಟ್ಟಲ್ಪಟ್ಟವು. ಒಣ ಗಾಳಿಗಾಗಿ ಮಾಡಿದ ಒರೆಗಳು ಕೊಡಗಿನ ಅಂಚಿನ ಮಳೆಗೆ ಬಂದು ಬಿದ್ದವು.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಅಲ್ಲಿ ಗಂಟೆಯನ್ನು ಕಾಯುತ್ತಿದ್ದ ಒರೆಯೇ ಇಲ್ಲಿ ಅದನ್ನು ಕೆಡಿಸಬಲ್ಲದು. ಹದಮಾಡಿದ ಚರ್ಮದಲ್ಲಿ ಕೊಬ್ಬಿನ ಅಂಶವಿರುತ್ತದೆ. ತೇವ ಸೇರಿದಾಗ ಅದರ ಆಮ್ಲಗಳು ತಾಮ್ರದ ಜೊತೆ ಕೂಡಿ ಹಸಿರು ಮೇಣದಂಥ ಪದಾರ್ಥವಾಗುತ್ತವೆ. ಒರೆಯ ತಳದ ಹಸಿರು ಕಲೆಯ ಗುಟ್ಟು ಸಾಮಾನ್ಯವಾಗಿ ಇದೇ. ಉಣ್ಣೆಯ ಮೆತ್ತೆಯಿಂದ ಹೊರಡುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಚರ್ಮಕ್ಕೆ ಬೂಷ್ಟು ಬರುವುದನ್ನಂತೂ ಮಳೆಗಾಲದಲ್ಲಿ ಬೀರು ತೆರೆದ ಯಾರೂ ಬಲ್ಲರು.

ಬೂಷ್ಟು ಕಂಡರೆ ನೀರಿನ ಬಟ್ಟೆಯಿಂದ ಒರೆಸಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ ಮೆತ್ತನೆಯ ಕುಂಚದಿಂದ ಹೊರಗೆ ಕೊಡವಬೇಕು. ಬಿಸಿಲಿಗೆ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಶೂ ಪಾಲಿಶ್, ಕೊಬ್ಬರಿ ಎಣ್ಣೆ ಖಂಡಿತ ಬೇಡ. ಮಾಸಿದ ಬಣ್ಣದೊಳಗೆ ಇಳಿದ ಎಣ್ಣೆಯನ್ನು ಮತ್ತೆ ತೆಗೆಯಲಾಗುವುದಿಲ್ಲ. ಕಬ್ಬಿಣದ ಒರೆಯನ್ನು ಮರಳುಕಾಗದದಿಂದ ಉಜ್ಜಿದರೆ ತುಕ್ಕಿನ ಜೊತೆ ಚಿನ್ನವೂ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಕ್ಕಿಂತ ತೊಳೆದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡುವುದು ಮೇಲು.

ಕೊಳ್ಳುವ, ಮಾರುವ ಮಾತು ಬಂದಾಗ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ. ನೂರು ವರ್ಷ ದಾಟಿದ ಕಲಾವಸ್ತು ಭಾರತದಲ್ಲಿ ಪುರಾತನ ವಸ್ತು ಎನಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಉಡುಗೊರೆಯಾಗಿ ಕಳಿಸುವುದಕ್ಕೂ ಇದೇ ನಿಯಮ.

ಒಂದು ವೇಳೆ ನಿಮ್ಮಲ್ಲಿ ಒರೆಯೂ ಇದ್ದು ಅದರ ಗಂಟೆಯೂ ಇದ್ದರೆ, ನೀವು ಅಪರೂಪದ ಅದೃಷ್ಟವಂತರು. ನಮ್ಮ ಹವೆಯಲ್ಲಿ ಗಂಟೆಯನ್ನು ಒರೆಯೊಳಗೆ ಇಡಬೇಡಿ. ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಒಂದೇ ಕಪಾಟಿನಲ್ಲಿ, ಪಕ್ಕಪಕ್ಕದಲ್ಲಿ ಇಡಿ. ಎರಡಕ್ಕೂ ಒಂದೊಂದು ಚೀಟಿ ಕಟ್ಟಿ, ಎರಡರ ಮೇಲೂ ಒಂದೇ ಸಂಖ್ಯೆ ಬರೆಯಿರಿ.